ಭಟ್ಟಿಯ ಕೊನೆಯ ಹನಿ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳ ಹಾಲಿನ ಡೇರಿಗಳಿಗೆ ಈಗ ಜಿಡ್ಡು ಅಳೆಯುವ ಯಂತ್ರಗಳು ಬಂದಿವೆ. ಹಾಲು ಇಟ್ಟರೆ ಅಂಕಿ ಮೂಡುತ್ತದೆ. ಅದಕ್ಕೂ ಮುಂಚೆ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ ಸುರಿದು, ಅದರ ಮೇಲೆ 10.75 ಮಿ.ಲೀ. ಹಾಲು ಬಿಟ್ಟು, ಕೊನೆಗೆ 1 ಮಿ.ಲೀ. ಇನ್ನೊಂದು ದ್ರವ ಸೇರಿಸಿ ಗಿರಗಿರನೆ ತಿರುಗಿಸುತ್ತಿದ್ದರು. ಜಿಡ್ಡು ಮೇಲೆ ಬಂದು ನಿಲ್ಲುತ್ತಿತ್ತು. ರೈತನ ವಾರದ ಬಟವಾಡೆ ಆ ಗೆರೆಯ ಮೇಲೆ ನಿಂತಿತ್ತು. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಗರ್ಬರ್ 1890ರ ದಶಕದಲ್ಲಿ ರೂಢಿಗೆ ತಂದ ವಿಧಾನವಿದು. ಆ ಒಂದು ಮಿ.ಲೀ. ದ್ರವದ ಹೆಸರು ಅಮೈಲ್ ಆಲ್ಕೊಹಾಲ್. ಅದರ ತವರು ಹೆಂಡದ ಭಟ್ಟಿ.

ಈ ಸೀಮೆಗೆ ಭಟ್ಟಿಯೂ ಹೊಸದಲ್ಲ, ಕಬ್ಬಂತೂ ಹೊಸದೇ ಅಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯ ಕಬ್ಬಿನ ಗದ್ದೆಗಳ ಬಗ್ಗೆ ಬರೆದಿದ್ದಾನೆ. ರಸದಾಳಿ, ಪಟ್ಟಾಪಟ್ಟಿ ಎಂಬ ಎರಡು ತಳಿಗಳನ್ನು ಹೆಸರಿಸಿದ್ದಾನೆ. ಅದೇ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆಯಿತು. ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿದ್ದ ಈ ಕಾರ್ಖಾನೆಯ ಸರಕಿಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕವೂ ಬಂತು. ಮುಂದೆ ಕನ್ನಂಬಾಡಿಯ ನೀರು ನಾಲೆಗೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಕಾಕಂಬಿಯೇ ಭಟ್ಟಿಯ ಆಹಾರ. ಮಂಡ್ಯದ ಕಾರ್ಖಾನೆ ಭಟ್ಟಿ ಮನೆಯನ್ನೂ ಕಟ್ಟಿಕೊಂಡಿತು.

ಕಾಕಂಬಿಯಾಗಲಿ, ಕಳ್ಳಭಟ್ಟಿಯವರ ಬೆಲ್ಲ ಮತ್ತು ಜಾಲಿ ಚಕ್ಕೆಯ ಕೊಳೆಯಾಗಲಿ, ಕಾಸಿದಾಗ ಇಳಿಯುವುದು ಒಂದೇ ಬಗೆಯ ದ್ರವವಲ್ಲ. ಮೊದಲ ಹನಿಗಳಲ್ಲಿ ಮೂಗಿಗೆ ಹೊಡೆಯುವ ಹಗುರ ವಸ್ತುಗಳು. ನಡುವೆ ಕುಡಿಯುವವರಿಗೆ ಬೇಕಾದದ್ದು. ಕೊನೆಯಲ್ಲಿ ಮದ್ಯಸಾರ ಕ್ಷೀಣಿಸಿ, ನೀರು ಹೆಚ್ಚಿ, ಒದ್ದೆ ನಾಯಿಯ ಮೈ ನಾತವನ್ನು ನೆನಪಿಸುವ ಹನಿಗಳು. ಇಂಗ್ಲಿಷಿನಲ್ಲಿ ಇದಕ್ಕೆ 'ಫೇಂಟ್ಸ್' ಎನ್ನುತ್ತಾರೆ. ಇದನ್ನು ಚೆಲ್ಲುವ ದಡ್ಡ ಭಟ್ಟಿಗಾರನಿಲ್ಲ. ಇನ್ನೂ ಅಷ್ಟಿಷ್ಟು ಮದ್ಯಸಾರವಿರುತ್ತದಲ್ಲ! ಸ್ಕಾಟ್ಲೆಂಡಿನ ವಿಸ್ಕಿ ಮನೆಗಳಲ್ಲಿ ಅದನ್ನು ಮುಂದಿನ ಸರದಿಯ ಹಂಡೆಗೇ ಸುರಿದು ಮತ್ತೆ ಕಾಸುತ್ತಾರೆ.

ಆ ನಾತಕ್ಕೆ ಬಹುಪಾಲು ಕಾರಣ ಫ್ಯೂಸೆಲ್ ಎಣ್ಣೆ. ಜರ್ಮನ್ ಭಾಷೆಯಲ್ಲಿ ಫ್ಯೂಸೆಲ್ ಎಂದರೆ ಕೆಟ್ಟ ಹೆಂಡ. ಹುದುಗು ಹಿಡಿಸುವ ಯೀಸ್ಟು ಕೊಳೆಯಲ್ಲಿರುವ ಅಮೈನೋ ಆಮ್ಲಗಳನ್ನು ಮುರಿದಾಗ ಇದು ಹುಟ್ಟುತ್ತದೆಂದು 1907ರಲ್ಲಿ ಫೆಲಿಕ್ಸ್ ಎರ್ಲಿಕ್ ತೋರಿಸಿದ. ಅದಕ್ಕೂ ಅರ್ಧ ಶತಮಾನ ಮುಂಚೆ, 1855ರಲ್ಲಿ, ಲೂಯಿ ಪಾಶ್ಚರ್ ಇದೇ ಎಣ್ಣೆಯ ಅಮೈಲ್ ಆಲ್ಕೊಹಾಲನ್ನು ಪರೀಕ್ಷಿಸುತ್ತ ಹುದುಗಿನ ಅಧ್ಯಯನದತ್ತ ಹೊರಳಿದ. ಸೂಕ್ಷ್ಮಜೀವಿ ವಿಜ್ಞಾನದ ಒಂದು ಬೇರು ಈ ನಾತದಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಂದಿನ ಎತ್ತರದ ಗೋಪುರ ಭಟ್ಟಿಗಳಲ್ಲಿ ಒಂದು ಸೋಜಿಗವಿದೆ. ಅಮೈಲ್ ಆಲ್ಕೊಹಾಲ್ ಸುಮಾರು 131 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹಾಗಿದ್ದರೂ ಅದು ಗೋಪುರದ ತಳದಲ್ಲಿ ಉಳಿಯದೆ ನಡುವಿನ ತಟ್ಟೆಗಳಲ್ಲಿ ಶೇಖರವಾಗುತ್ತದೆ. ನೀರಿನೊಂದಿಗೆ ಅದಕ್ಕೆ ಹೊಂದಾಣಿಕೆ ಸಾಲದು. ನೀರು ಹೆಚ್ಚಿರುವ ಕಡೆಯಿಂದ ಮೇಲಕ್ಕೆ ಓಡುತ್ತದೆ, ಮದ್ಯಸಾರ ಹೆಚ್ಚಿರುವ ಕಡೆಯಿಂದ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ ಪಕ್ಕದ ಕೊಳವೆಯಲ್ಲಿ ತೆಗೆದು ನೀರು ಬೆರೆಸಿದರೆ ಎಣ್ಣೆಯಂತೆ ತೇಲುತ್ತದೆ. ಸಾವಿರ ಲೀಟರ್ ಮದ್ಯಸಾರಕ್ಕೆ ಕೆಲವೇ ಲೀಟರ್ ಸಿಕ್ಕೀತು. ಅದನ್ನು ಶುದ್ಧಿ ಮಾಡಿದರೆ ಮೆರುಗೆಣ್ಣೆ ಕರಗಿಸುವ ದ್ರಾವಕವೂ ಆಗುತ್ತದೆ, ಮಿಠಾಯಿಗೆ ಹಾಕುವ ಬಾಳೆಹಣ್ಣಿನ ಎಸೆನ್ಸೂ ಆಗುತ್ತದೆ, ಹಾಲಿನ ಪರೀಕ್ಷೆಗೂ ಒದಗುತ್ತದೆ.

ಇದರ ಮೇಲೊಂದು ಸುಳ್ಳು ಅಪವಾದವಿದೆ. ಕಳ್ಳಭಟ್ಟಿ ಕುಡಿದು ಜನ ಸತ್ತಾಗ 'ಸರಿಯಾಗಿ ಬಟ್ಟಿ ಇಳಿಸದೆ ಕೊನೆಯದನ್ನೂ ಬೆರೆಸಿದ್ದರು' ಎನ್ನುವವರುಂಟು. ಕೊನೆಯ ಹನಿ ತಲೆನೋವು, ವಾಕರಿಕೆ ತಂದೀತು. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದದ್ದು ಮಿಥೈಲ್ ಆಲ್ಕೊಹಾಲ್. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ ಬೆಂಗಳೂರು, ಕೋಲಾರ ಕಡೆ ಮತ್ತೆ ಸಾವು ತಂದದ್ದೂ ಅದೇ. ಬೆಲ್ಲದ ಕೊಳೆಯಲ್ಲಿ ಅದು ಹುಟ್ಟುವುದು ತೀರ ಕಡಿಮೆ. ಅಷ್ಟು ಜನರನ್ನು ಕೊಲ್ಲುವ ಪ್ರಮಾಣ ಬರಬೇಕಾದರೆ ಕಾರ್ಖಾನೆಯ ಪೀಪಾಯಿಂದ ಯಾರೋ ತಂದು ಸುರಿದಿರಬೇಕು.

ಹಾಲಿನ ಪ್ರಯೋಗಾಲಯಗಳಲ್ಲಿ ಗರ್ಬರ್ ಪರೀಕ್ಷೆ ಇಂದಿಗೂ ಉಳಿದಿದೆ. ಹೊಸ ಯಂತ್ರದ ಅಂಕಿಯನ್ನು ತಾಳೆ ನೋಡುವುದು ಇದರಿಂದಲೇ. ಅಲ್ಲಿ ಹೊಸ ಬಾಟಲಿಯ ಅಮೈಲ್ ಆಲ್ಕೊಹಾಲನ್ನು ಒಮ್ಮೆ ಹಾಲಿನ ಬದಲು ಬರೀ ನೀರಿನೊಂದಿಗೆ ತಿರುಗಿಸಿ ನೋಡುತ್ತಾರೆ. ಶುದ್ಧವಾಗಿಲ್ಲದಿದ್ದರೆ ಅದರದೇ ಎಣ್ಣೆ ಮೇಲೆ ತೇಲಿ, ಹಾಲೇ ಇಲ್ಲದ ಕೊಳವೆಯಲ್ಲೂ ಜಿಡ್ಡು ತೋರಿಸಿಬಿಡುತ್ತದೆ.