ಒಂಬತ್ತರಿಂದ ಇಪ್ಪತ್ತೊಂಬತ್ತೂವರೆ: ಬೆಂಗಳೂರಿನ ಮಕ್ಕಳ ಅಸ್ತಮಾ ಲೆಕ್ಕದ ಮರುಓದು

ಬೆಂಗಳೂರಿನ ಮಕ್ಕಳ ಅಸ್ತಮಾ ಕುರಿತು ಬರೆಯುವವರಿಗೆ ಒಂದು ಸಾಲು ಬಾಯಿಪಾಠವಾಗಿದೆ: 1979ರಲ್ಲಿ ಶೇ. 9, 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5. ಅಲ್ಲಿಂದ ‘ಊರಿನ ಮೂರು ಮಕ್ಕಳಲ್ಲಿ ಒಂದಕ್ಕೆ ಉಬ್ಬಸ’ ಎಂಬಲ್ಲಿಗೆ ಒಂದೇ ನೆಗೆತ.

ಅಂಕಿಗಳು ಡಾ. ಎಚ್. ಪರಮೇಶ್ ಅವರವು, 2002ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್’ನಲ್ಲಿ ಬಂದವು. ಹದಿನೆಂಟರೊಳಗಿನ 20,000 ಮಕ್ಕಳ ಆ ಅಧ್ಯಯನ ಆಸ್ಪತ್ರೆಯನ್ನು ಆಧರಿಸಿದ್ದೆಂದು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಎಡವಿದವರು ಉದ್ಧರಿಸುವವರು. ಆಸ್ಪತ್ರೆಯ ಲೆಕ್ಕದಲ್ಲಿ ಛೇದವಾಗಿ ನಿಲ್ಲುವುದು ಊರಿನ ಮಕ್ಕಳಲ್ಲ, ಬಾಗಿಲಿಗೆ ಬಂದ ಮಕ್ಕಳು. ಭೇದಿ, ದಡಾರದವರು ಬರುವುದು ಕಡಿಮೆಯಾದರೆ ಉಬ್ಬಸದ ಪಾಲು ತಾನಾಗಿ ಏರುತ್ತದೆ. ‘ಅಲ್ಲಿ ಹೋದರೆ ದಮ್ಮು ನಿಲ್ಲುತ್ತದೆ’ ಎಂಬ ಸುದ್ದಿ ಹಬ್ಬಿದರೂ ಏರುತ್ತದೆ. ಮೊದಲು ‘ಕಫ’ ಎನ್ನುತ್ತಿದ್ದ ಚೀಟಿ ಆಮೇಲೆ ‘ಅಸ್ತಮಾ’ ಎಂದರೂ ಏರುತ್ತದೆ. (ಏರಿಕೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ, ಇಷ್ಟರಿಂದ ಅದು ಸಿದ್ಧವಾಗದು ಎನ್ನುತ್ತಿದ್ದೇನೆ. ಇವೆರಡೂ ಒಂದೇ ಎನ್ನುವವರೊಡನೆ ವಾದಕ್ಕೆ ನನಗೆ ಪುರುಸೊತ್ತಿಲ್ಲ.)

ಅದೇ ಲೇಖನದಲ್ಲಿ ಶಾಲೆಗಳ ಸಮೀಕ್ಷೆಯೂ ಇದೆ: 12 ಶಾಲೆ, 6ರಿಂದ 15 ವಯಸ್ಸಿನ 6,550 ಮಕ್ಕಳು. ವಾಹನದಟ್ಟಣೆಯ ಶಾಲೆಗಳಲ್ಲಿ ಶೇ. 19.34, ಅಂಥದೇ ದಟ್ಟಣೆಯಲ್ಲಿ ಓದುವ ಬಡ ಮಕ್ಕಳಲ್ಲಿ 31.14; ದಟ್ಟಣೆ ಕಡಿಮೆಯಿರುವಲ್ಲಿ 11.15, ಅಧ್ಯಯನವನ್ನು ಮುಂದುವರಿಸಿದ ಹಳ್ಳಿಗಾಡಿನಲ್ಲಿ 5.7. ಈ 31.14 ಆ 29.5ರ ಮಗ್ಗುಲಲ್ಲಿ ಕೂತಿರುವುದೇ ಮೋಸ. ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳಿದಂತೆ ಕಾಣುತ್ತದೆ. ಹೇಳುವುದಿಲ್ಲ. ಶಾಲೆಗಳ ಗುಂಪುಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿದವರು ಹೊಗೆಯನ್ನು ದೂರಿ ಸುಮ್ಮನಾದರು. ಮೊದಲನೆಯದಕ್ಕೂ ಎರಡನೆಯದಕ್ಕೂ ರಸ್ತೆಯ ಹೊಗೆ ಒಂದೇ ಬಗೆಯದು; ನಡುವಿನ ಸುಮಾರು ಹನ್ನೆರಡು ಅಂಶಗಳನ್ನು ಬಸ್ಸು, ಲಾರಿಗಳ ಲೆಕ್ಕಕ್ಕೆ ಬರೆಯಲಾಗದು. ಸೌದೆ ಒಲೆಯೋ, ಇಕ್ಕಟ್ಟಾದ ಮನೆಯೋ, ತೇವದ ಗೋಡೆಯೋ, ಬಡತನದೊಳಗಿನ ಯಾವುದೋ ಒಂದು ಅಲ್ಲಿ ಕೆಲಸ ಮಾಡಿದೆ.

ಇಕ್ಕಟ್ಟಾದ ಮನೆ ಕಾಪಾಡುತ್ತದೆಯೇ ಹೊರತು ಕೆಡಿಸದು ಎನ್ನಲು ಇಲ್ಲಿ ಕೆಲವರು ಸ್ಟ್ರಾಚನ್ ಹೆಸರು ತರುತ್ತಾರೆ. 1989ರಲ್ಲಿ 17,414 ಬ್ರಿಟಿಷ್ ಮಕ್ಕಳನ್ನು ಆಧರಿಸಿ, ಒಡಹುಟ್ಟಿದವರು ಹೆಚ್ಚಿದ್ದ ಮನೆಯಲ್ಲಿ ಹೇ ಫೀವರ್ ಕಡಿಮೆ ಎಂದವರು ಅವರು. ಅದು ಸೀನಿನ, ಮೂಗಿನ ಅಲರ್ಜಿಯ ಮಾತು. ಎದೆಯ ಉಬ್ಬಸಕ್ಕೆ ಅದನ್ನು ಹೊಲಿಯುವುದು ಅವಸರ.

ಇಷ್ಟಾಗಿಯೂ ಹದಿಹರೆಯದವರ ಪ್ರಮಾಣ ಈ ಒಟ್ಟು ಅಂಕಿಗಳಲ್ಲಿ ಬೇರೆಯಾಗಿ ಸಿಗದು. ಆರರ ಮಗುವೂ ಹದಿನೈದರ ಹುಡುಗನೂ ಒಂದೇ ಮೂಟೆಯಲ್ಲಿದ್ದಾರೆ. 13–14ರವರನ್ನೇ ಪ್ರತ್ಯೇಕಿಸಿ ಕೇಳಿದ್ದು ‘ಐಸಾಕ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ. 1998ರಲ್ಲಿ ಪ್ರಕಟವಾದ ಅದರ ಮೊದಲ ಹಂತದಲ್ಲಿ 56 ದೇಶಗಳ 155 ಕೇಂದ್ರಗಳಿದ್ದವು. ಅದರ ಪ್ರಶ್ನಾವಳಿಯ ಕೇಂದ್ರವಾದ ‘ವೀಜ್’ಗೆ, ಎಂದರೆ ಉಸಿರಾಡುವಾಗ ಎದೆಯಲ್ಲಿ ಏಳುವ ಸಿಳ್ಳೆಯಂಥ ಸದ್ದಿಗೆ, ಕನ್ನಡದಲ್ಲಿ ಏನೆನ್ನೋಣ? ‘ಗೊರಗೊರ’ ಎಂದರೆ ಕಫದ ಸದ್ದೂ ಆದೀತು, ‘ಸುಯ್’ ಎಂದರೆ ನಿಟ್ಟುಸಿರೂ ಆದೀತು, ‘ದಮ್ಮು’ ಓಡಿದವರಿಗೂ ಹತ್ತುತ್ತದೆ. ಪದಗಳ ಈ ತೊಡಕು ಐಸಾಕ್ ನಡೆಸಿದವರಿಗೂ ಗೊತ್ತಿತ್ತು. ಅದಕ್ಕೇ ಉಬ್ಬಸ ಬಂದವರ ವಿಡಿಯೊ ತೋರಿಸಿ, ನಿನ್ನ ಉಸಿರೂ ಎಂದಾದರೂ ಹೀಗಾಗಿತ್ತೇ ಎಂದು ಕೇಳುವ ದಾರಿಯನ್ನೂ ಇಟ್ಟುಕೊಂಡಿದ್ದರು.