ಕತ್ತಲೆಯಲ್ಲಿ ಹಸಿರಾಗುವ ಕಲ್ಲು

ನಮ್ಮ ಕುರನೂರಿನ ಬೋರಿ ಹೊಳೆಯ ದಂಡೆಗೆ ಹೋದ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಕಿಸೆ ತುಂಬ ಕಲ್ಲು! ಒಮ್ಮೆ ಐದನೇ ತರಗತಿಯ ಹುಡುಗನೊಬ್ಬ ಹಾಲುಬಣ್ಣದ ಕಲ್ಲೊಂದನ್ನು ಮೇಜಿನ ಮೇಲಿಟ್ಟು, "ಸರ್, ಇದಕ್ಕ ಎಷ್ಟ್ ರೊಕ್ಕ ಬರ್ತಾವ್ರಿ?" ಎಂದು ಕೇಳಿದ. "ಏನೂ ಬರಂಗಿಲ್ಲ, ಒಗಿ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು.

ಕಲ್ಲನ್ನು ಬೆಲೆಯಿಂದಲ್ಲ, ಬೆಳಕಿನಿಂದ ಪರೀಕ್ಷಿಸಿದವರ ಇತಿಹಾಸ ದೊಡ್ಡದು. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದಾಗ ಕೆಲವು ವಸ್ತುಗಳು ಕಾಣುವ ಬೆಳಕು ಬೀರುತ್ತವೆ. ಇದನ್ನು 1852ರಲ್ಲಿ ವಿವರಿಸಿದ ಜಾರ್ಜ್ ಸ್ಟೋಕ್ಸ್ ಅವರು ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ 'ಫ್ಲೋರೆಸೆನ್ಸ್' ಎಂದು ಕರೆದರು. ಕನ್ನಡದಲ್ಲಿ ಪ್ರತಿದೀಪ್ತಿ. ಖೋಟಾ ನೋಟು ಹಿಡಿಯುವ ದೀಪದ ಗುಟ್ಟೂ ಇದೇ.

ಓಪಲ್ ಎಂದರೆ ನೀರು ಸೇರಿದ ಸಿಲಿಕಾ. ಗ್ರಾನೈಟ್ ಶಿಲಾರಸ ಆರುತ್ತ ಬಂದು, ಕೊನೆಗೆ ಉಳಿದ ರಸ ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾದರೆ ಅದು ಪೆಗ್ಮಟೈಟ್. ಅದರಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಕೆಲವು ಕಡೆ ಯುರೇನಿಯಂ ಖನಿಜವೂ ಇರುತ್ತವೆ. ಬಿರುಕುಗಳಲ್ಲಿ ನೀರು ಹರಿದು ಓಪಲ್ ಕಟ್ಟಿಕೊಳ್ಳುವಾಗ ಲೇಶಮಾತ್ರ ಯುರೇನಿಯಂ ಸೇರಿದರೂ ಸಾಕು, ಹಗಲಿನಲ್ಲಿ ಗಾಜಿನಂತಿರುವ ಕಲ್ಲು ನೇರಳಾತೀತ ದೀಪದಡಿ ಎಳೆಹಸಿರಾಗಿ ಹೊಳೆಯುತ್ತದೆ!

ಕಲ್ಲಿನ ಈ ಹುಚ್ಚು ಸರ್ ಸಿ. ವಿ. ರಾಮನ್ ಅವರಿಗೂ ಇತ್ತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಖನಿಜಗಳನ್ನು ಕೂಡಿಟ್ಟರು, ಹೊಳೆಯುವ ಕಲ್ಲುಗಳಿಗೆಂದೇ ಕತ್ತಲೆ ಕೋಣೆ ಮಾಡಿದರು. ಓಪಲ್‌ನೊಳಗೆ ಬಣ್ಣಗಳು ಆಡುವುದು ಬೇರೆ ವಿಷಯ, ಅದು ಪ್ರತಿದೀಪ್ತಿಯಲ್ಲ. ಅದಕ್ಕೆ 1953ರಲ್ಲಿ ಎ. ಜಯರಾಮನ್ ಅವರೊಡನೆ ಒಂದು ಕಾರಣ ಕೊಟ್ಟರು. ಆದರೆ 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಸಾಲಾಗಿ ಜೋಡಿಸಿದ ಸಿಲಿಕಾ ಗುಂಡುಗಳು. ನೊಬೆಲ್ ಪಡೆದವರ ಉತ್ತರವೂ ಬದಲಾಯಿತು. ಅವರ ಪ್ರಶ್ನೆ ಮಾತ್ರ ವ್ಯರ್ಥವಾಗಲಿಲ್ಲ.

ನಮ್ಮ ಅಕ್ಕಲಕೋಟ ಭಾಗದಲ್ಲಿ ಪೆಗ್ಮಟೈಟ್ ಇಲ್ಲ. ಇಲ್ಲಿಯದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕರಿಕಲ್ಲು. ಅದರ ಪೊಳ್ಳುಗಳಲ್ಲಿಯೂ ನೀರು ಸಿಲಿಕಾವನ್ನು ತಂದು ಕಟ್ಟಿದೆ. ಅಂದರೆ ಆ ಹುಡುಗ ತಂದ ಬಿಳಿಕಲ್ಲು ಓಪಲ್‌ನ ದಾಯಾದಿಯೇ ಇರಬೇಕು. ನನ್ನ ಮಾತು ಕೇಳಿ ಅವನು ಅದನ್ನು ಒಗೆದಿದ್ದ.

ಈಗ ತರಗತಿಯ ಕಿಟಕಿಯಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಕಲ್ಲು ತಂದವರು ಎಲ್ಲಿ ಸಿಕ್ಕಿತು, ಹೇಗಿದೆ ಎಂದು ಚೀಟಿ ಬರೆದು ಹಾಕಬೇಕು. ಬೆಲೆ ಬರೆಯುವ ಹಾಗಿಲ್ಲ. ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯಲ್ಲಿಯೂ ಒಂದು ಡಬ್ಬಿ ಇಡಿರಿ.