ಹಿತ್ತಿಲೂ ಅಂಗಳವೂ: ಬೆಂಗಳೂರಿನ ಮನೆ ಹೂದೋಟದ ಪೂರ್ವೇತಿಹಾಸ

ಬೆಂಗಳೂರಿನ ಮನೆಗಳ ಹೂದೋಟದ ಕಥೆಯನ್ನು ಲಾಲ್‌ಬಾಗಿನಿಂದ ಆರಂಭಿಸುವುದು ವಾಡಿಕೆಯಾದರೂ, ಹೈದರಾಲಿ 1760ರಲ್ಲಿ ಆ ತೋಟಕ್ಕೆ ತೊಡಗುವ ಏಳು ಶತಮಾನಗಳ ಮೊದಲೇ ಗಿಡಗಳ ಆರೈಕೆ ಕನ್ನಡದಲ್ಲಿ ಶಾಸ್ತ್ರವಿಷಯವಾಗಿತ್ತು. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ, ಅಂದರೆ ಗಿಡಮರಗಳನ್ನು ನೆಟ್ಟು ಪೋಷಿಸುವ ಮತ್ತು ಅವುಗಳ ರೋಗಗಳಿಗೆ ಮದ್ದು ಮಾಡುವ ವಿದ್ಯೆಗೆ, ಪ್ರತ್ಯೇಕ ಸ್ಥಾನವಿದೆ. ದೇವಾಲಯಗಳ ಪೂಜೆಗೆ ಹೂ ಒದಗಿಸಲೆಂದು ‘ಪೂದೋಂಟ’ಗಳಿಗೆ ಭೂಮಿ ಬಿಟ್ಟ ದಾಖಲೆಗಳು ಶಾಸನಗಳಲ್ಲಿ ಹೇರಳವಾಗಿವೆ. ಆದರೆ ಶಾಸನದ ಹೂದೋಟ ದೇವರದು, ಕಾವ್ಯದ ಉದ್ಯಾನ ಅರಸರದು. ಒಕ್ಕಲು ಮನೆಯ ಹೂವು ಬೆಳೆದದ್ದು ಯಾರೂ ಬರೆದಿಡದ ಹಿತ್ತಿಲಲ್ಲಿ.

ಹಿತ್ತಿಲಿಗೆ ನಕ್ಷೆಯಿರಲಿಲ್ಲವೆಂಬುದು ಮೇಲುನೋಟದ ಮಾತು. ಬಚ್ಚಲಿನ ನೀರು ಹರಿದು ನಿಲ್ಲುವ ಕಡೆ ಬಾಳೆ ಮತ್ತು ಕೆಸು, ಬಾವಿಕಟ್ಟೆಯ ಪಕ್ಕದಲ್ಲಿ ಮಲ್ಲಿಗೆ ಮತ್ತು ಜಾಜಿ, ಬೇಲಿಯ ಅಂಚಿಗೆ ದಾಸವಾಳ, ಕಣಗಿಲೆ, ನಂದಿಬಟ್ಟಲು ಎಂಬ ವಿನ್ಯಾಸವನ್ನು ನೀರಿನ ದಾರಿಯೂ ಬಿಸಿಲಿನ ಕೋನವೂ ಸೇರಿ ನಿರ್ಧರಿಸುತ್ತಿದ್ದವು. ಹಂಡೆ ಒಲೆಯ ಬೂದಿ ಮತ್ತು ಕೊಟ್ಟಿಗೆಯ ಗೊಬ್ಬರ ಗಿಡದ ಬುಡ ಸೇರುತ್ತಿದ್ದವು. ಚಳಿಗಾಲದಲ್ಲಿ ಮಲ್ಲಿಗೆಗೆ ನೀರು ಕಡಿಮೆ ಮಾಡಿ, ಬಳ್ಳಿಯನ್ನು ಸವರಿ, ಬೇಸಿಗೆಯ ಹೊಸ ಚಿಗುರಿನಲ್ಲಿ ಮೊಗ್ಗು ತುಂಬುವಂತೆ ಮಾಡುವ ಕ್ರಮ ಬಾಯಿಂದ ಬಾಯಿಗೆ ಸಾಗಿಬಂದ ತಿಳಿವಳಿಕೆಯಾಗಿತ್ತು. ಇಲ್ಲಿನ ಹೂವು ಮುಖ್ಯವಾಗಿ ಬಿಡಿಸುವುದಕ್ಕಾಗಿ, ದೇವರ ಪೀಠಕ್ಕೋ ಮುಡಿಗೋ ಏರಲೆಂದು ಇದ್ದುದು. ಗಿಡದಲ್ಲೇ ಬಾಡಿದ ಹೂವು ವ್ಯರ್ಥವೆಂದೇ ಎಣಿಕೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೇನೆಯ ದಂಡು ಪ್ರದೇಶ ರೂಪುಗೊಂಡಾಗ ಬೇರೊಂದು ಬಗೆಯ ತೋಟ ಬಂದಿತು. ವಿಶಾಲವಾದ ಕಾಂಪೌಂಡಿನ ನಡುವೆ ಬಂಗಲೆ, ಅದರ ಮುಂದೆ ಕತ್ತರಿಸಿದ ಹುಲ್ಲುಹಾಸು, ದಾರಿಯ ಇಕ್ಕೆಲಗಳಲ್ಲಿ ಹೂವಿನ ಪಾತಿ, ಮೆಟ್ಟಿಲಿನ ಮೇಲೆ ಸಾಲುಕುಂಡ: ಇದು ನೋಡುವುದಕ್ಕಾಗಿ ಇದ್ದ ತೋಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪು ಹವೆಯಲ್ಲಿ ಫ್ಲಾಕ್ಸ್, ಪೆಟೂನಿಯ, ಪ್ಯಾನ್ಸಿಗಳಂಥ ಒಂದೇ ಋತು ಬಾಳುವ ಗಿಡಗಳೂ ಒಗ್ಗಿದವು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗಿಗೆ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ 1858ರಲ್ಲಿ ಬಂದನು. 1874ರಿಂದ ಅದನ್ನು ನಡೆಸಿದ ಜಾನ್ ಕ್ಯಾಮರಾನ್ ಹೊರದೇಶಗಳ ಸಸ್ಯಗಳನ್ನು ತರಿಸಿ ಒಗ್ಗಿಸುವ ಕೆಲಸವನ್ನು ವಿಸ್ತರಿಸಿದನು. ಸೀಮೆ ಬದನೆ ಈ ನಾಡಿಗೆ ಬಂದದ್ದು ಅವನ ಮೂಲಕವೆಂದು ಹೇಳಲಾಗುತ್ತದೆ. ಅದು ಹೂವಲ್ಲದಿದ್ದರೂ, ಲಾಲ್‌ಬಾಗಿನ ಪಾತಿಯಿಂದ ಮನೆಯ ಹಿತ್ತಿಲಿಗೆ ಇದ್ದ ದಾರಿ ಎಷ್ಟು ಹತ್ತಿರದ್ದೆಂಬುದಕ್ಕೆ ಸಾಕ್ಷಿ.

ಎರಡು ತೋಟಗಳೂ ಒಂದೇ ನಿವೇಶನದಲ್ಲಿ ಸೇರಲು ಕಾರಣವಾದದ್ದು, ವಿಚಿತ್ರವೆಂಬಂತೆ, ಒಂದು ರೋಗ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ, ಗೋಡೆಗೆ ಗೋಡೆ ತಾಗಿದ ಮನೆಗಳ ಅಪಾಯವನ್ನು ತೋರಿಸಿಕೊಟ್ಟ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಭರದಿಂದ ಬೆಳೆದವು. ಗಾಳಿ ಬೆಳಕಿಗೆಂದು ಮನೆಯ ಸುತ್ತ ಬಿಟ್ಟ ಜಾಗದಲ್ಲಿ ಮುಂದೆ ಬಂಗಲೆಯ ಮಾದರಿಯ ಗುಲಾಬಿ ಪಾತಿಯೂ ಕ್ರೋಟನ್ ಕುಂಡಗಳೂ, ಹಿಂದೆ ಹಳೆಯ ಹಿತ್ತಿಲಿನ ದಾಸವಾಳವೂ ಸಂಪಿಗೆಯೂ ನೆಲೆಯೂರಿದವು. ಇವೆರಡರ ನಡುವೆ ತುಳಸಿಕಟ್ಟೆ ತನ್ನ ಜಾಗವನ್ನು ಬಿಟ್ಟುಕೊಡಲಿಲ್ಲ. ಮಧ್ಯಮ ವರ್ಗದ ಈ ತೋಟವನ್ನು ಬಂಗಲೆಯ ಅನುಕರಣೆಯೆಂದಷ್ಟೇ ಬಗೆಯುವುದು ಸರಿಯಾಗಲಾರದು. ಮುಂದಿನ ಗುಲಾಬಿಯನ್ನೂ ಬೆಳಗಿನ ಪೂಜೆಗೆ ಬಿಡಿಸಿಕೊಂಡ ಮನೆಯವರು ನೋಡುವ ತೋಟವನ್ನು ಬಿಡಿಸುವ ತೋಟವಾಗಿ ಮಾರ್ಪಡಿಸಿದ್ದರು.

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. ಗಾಜಿನಮನೆಯ ಫಲಪುಷ್ಪ ಪ್ರದರ್ಶನಗಳೂ ಮನೆತೋಟಗಳ ಸ್ಪರ್ಧೆಗಳೂ ಕ್ರಮೇಣ ಗೃಹಸ್ಥರ ತೋಟಗಾರಿಕೆಗೆ ಒಂದು ಪಂಚಾಂಗವನ್ನೇ ಕಟ್ಟಿಕೊಟ್ಟವು. ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ ಗುಲಾಬಿಯ ಒಣರೆಂಬೆಗಳನ್ನು ಸವರಿ, ಕೆಮ್ಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಬೆರೆಸಿ ಕುಂಡಗಳಿಗೆ ತುಂಬಿ, ಋತುಹೂಗಳ ಸಸಿಮಡಿ ಮಾಡಿದರೆ ಜನವರಿಯ ಪ್ರದರ್ಶನದ ವೇಳೆಗೆ ತೋಟ ಅರಳಿ ನಿಲ್ಲುತ್ತಿತ್ತು. ಹಬ್ಬಗಳನ್ನು ನೋಡಿ ಹೂ ಬೆಳೆಸುತ್ತಿದ್ದ ಮನೆಗಳು ಈಗ ಬಹುಮಾನದ ದಿನವನ್ನೂ ಲೆಕ್ಕ ಹಾಕತೊಡಗಿದವು.

ನಿವೇಶನಗಳ ಬೆಲೆ ಏರಿ ಮನೆಗಳು ಮಹಡಿಗಳಾದಾಗ ಮೊದಲು ಹೋದದ್ದು ಹಿತ್ತಿಲು. ಅಂಗಳ ವಾಹನದ ನಿಲುಗಡೆಯಾದದ್ದು ಆನಂತರ. ಉಳಿದದ್ದು ಬಂಗಲೆಯ ಮೆಟ್ಟಿಲಿನಿಂದ ಬಂದ ಕುಂಡ. ಅದು ತಾರಸಿಯನ್ನೇರಿದ ಮೇಲೆ ಅದರಲ್ಲಿ ಹೆಚ್ಚಾಗಿ ಬೆಳೆಯುತ್ತಿರುವುದು ಪ್ಯಾನ್ಸಿಯಲ್ಲ, ದಾಸವಾಳ, ಮಲ್ಲಿಗೆ ಮತ್ತು ತುಳಸಿ.